ಊಟಕ್ಕೆ ಬೇಕಾಗುವ ಕೈಕೆಲಸ

ಶ್ರಾವಣ ಹತ್ತಿರ ಬಂದಿತೆಂದರೆ ನನ್ನ ಮೊಬೈಲಿಗೆ ಎರಡು ಬಗೆಯ ಸಲಹೆಗಳು ಬರಲು ತೊಡಗುತ್ತವೆ. ಹಬ್ಬಕ್ಕೆ ಏನೇನು ಅಡುಗೆ ಮಾಡಬಹುದು ಎನ್ನುವುದು ಒಂದು. ಹಬ್ಬದ ರಜೆಯಲ್ಲಿ ಮಕ್ಕಳ ಕೈಯಿಂದ ಏನೇನು ಮಾಡಿಸಬಹುದು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಒಲೆಯ ಮುಂದೆ ನಿಂತ ಯಾರೋ ಹೆಂಗಸಿನ ಎರಡು ಕೈಗಳು ಮಾತ್ರ ಕಾಣಿಸುತ್ತವೆ. ಎರಡನೆಯದರಲ್ಲಿ ಐಸ್‌ಕ್ರೀಮ್ ಕಡ್ಡಿಯ ಕೊಳಲು, ಹತ್ತಿಯನ್ನೇ ಬೆಣ್ಣೆಯೆಂದು ತುಂಬಿದ ಕಾಗದದ ಗಡಿಗೆ, ಥರ್ಮಾಕೋಲಿನ ಗಣಪತಿ ಮಂಟಪ, ಮಿನುಗುಪುಡಿ ಉದುರಿಸಿದ ಹಣತೆ ಇರುತ್ತವೆ. ಎರಡರ ತಲೆಬರಹದಲ್ಲೂ "ಮನೆಮಂದಿಯೆಲ್ಲ ಸೇರಿ" ಎಂಬ ಮಾತು ತಪ್ಪುವುದಿಲ್ಲ. ಆದರೆ ಆ ಸಲಹೆಗಳನ್ನು ನಂಬಿ ಹಬ್ಬ ಮಾಡಿದ ಮನೆಗಳಲ್ಲಿ ನಾನು ಕಂಡದ್ದು ಬೇರೆ. ಚಾವಡಿಯಲ್ಲಿ ಮಕ್ಕಳು ಅಂಟು ಮೆತ್ತಿಕೊಂಡು ಕುಳಿತಿರುತ್ತಾರೆ, ಒಳಗೆ ಒಬ್ಬಾಕೆ ಬೆಳಗಿನಿಂದ ಚಕ್ಕುಲಿ ಕರಿಯುತ್ತಿರುತ್ತಾಳೆ, ಇಬ್ಬರ ನಡುವೆ ಅಡುಗೆಮನೆಯ ಬಾಗಿಲು ಇರುತ್ತದೆ. ಆ ಬಾಗಿಲನ್ನು ದಾಟಿ ಒಳಗೆ ಹೋದ ಮಗುವಿಗೆ "ಹೊರಗೆ ಹೋಗಿ ಕ್ರಾಫ್ಟ್ ಮಾಡು" ಎಂಬ ಉತ್ತರ ಸಿಗುತ್ತದೆ.

ಈ ಬೇರ್ಪಡಿಕೆಯೇ ನನ್ನನ್ನು ಕೆಲವು ವರ್ಷಗಳಿಂದ ಕೊರೆಯುತ್ತಿದೆ. ನಮ್ಮ ಕರಾವಳಿಯ ಹಬ್ಬದ ಅಡುಗೆಯಲ್ಲಿ ಕೈಕೆಲಸವೆಂಬುದು ಊಟದ ಪಕ್ಕದಲ್ಲಿ ನಡೆಯುವ ಕಾಲಕ್ಷೇಪವಾಗಿರಲಿಲ್ಲ. ಅದು ಊಟದ ಒಳಗೇ ಇತ್ತು. ಎಲೆ ಹೊಲಿಯದಿದ್ದರೆ ಹಿಟ್ಟು ಹೊಯ್ಯಲು ಪಾತ್ರೆಯಿರಲಿಲ್ಲ, ನಾರು ಸೀಳದಿದ್ದರೆ ಹೂ ಕಟ್ಟಲು ಆಗುತ್ತಿರಲಿಲ್ಲ, ತೆನೆ ಕಟ್ಟದೆ ಹೊಸ ಅಕ್ಕಿಯ ಊಟಕ್ಕೆ ಕೂರುವಂತಿರಲಿಲ್ಲ. ಮಕ್ಕಳಿಗೆ ಕೆಲಸ ಕೊಡುತ್ತಿದ್ದದ್ದು ಅವರನ್ನು ದೂರ ಇರಿಸಲಿಕ್ಕಲ್ಲ. ಆ ಕೆಲಸ ಆಗದಿದ್ದರೆ ಊಟ ತಡವಾಗುತ್ತಿತ್ತು.

ನೀರು ಹಾಕಿ ನೋಡುವ ಅಜ್ಜಿ

ಉಡುಪಿಯ ಸುತ್ತಿನ ಒಂದು ಹಳ್ಳಿಯಲ್ಲಿದ್ದ ನನ್ನ ಅಜ್ಜಿಯ ಮನೆಯಲ್ಲಿ ಕೃಷ್ಣಾಷ್ಟಮಿಗೆ ಮೂಡೆಯೂ ಆಗಬೇಕು, ಕೊಟ್ಟೆಯೂ ಆಗಬೇಕು; ಎರಡೂ ಎಲೆಯ ಪಾತ್ರೆಯೊಳಗೆ ಹಬೆಯಲ್ಲಿ ಬೇಯುವ ಇಡ್ಲಿಗಳೇ. ಹಿಂದಿನ ದಿನ ಮಧ್ಯಾಹ್ನದಿಂದಲೇ ಜಗಲಿಯ ಮೇಲೆ ಎಲೆಗಳ ರಾಶಿ ಬೀಳುತ್ತಿತ್ತು. ಮೂಡೆಗೆ ಬೇಕಾದ ಕೇದಗೆಯ ಎಲೆಗೆ ಎರಡು ಅಂಚುಗಳಲ್ಲೂ ನಡುದಿಂಡಿನ ಬೆನ್ನಲ್ಲೂ ಮುಳ್ಳು. ತೋಡಿನ ಬದಿಯಿಂದ ಅದನ್ನು ಕಡಿದು ತಂದು, ಕತ್ತಿಯಲ್ಲಿ ಮುಳ್ಳಿನ ಅಂಚನ್ನು ಸೀಳಿ ತೆಗೆದು, ಬೆಂಕಿಯ ಮೇಲೆ ಆಡಿಸಿ ಬಾಡಿಸಿ, ಸುರುಳಿ ಸುತ್ತಿಡುವ ಕೆಲಸ ಮಾವಂದಿರದು. ಹಸಿಯಾಗಿದ್ದಾಗ ಮಡಚಿದರೆ ಮುರಿಯುವ ಆ ಎಲೆ ಬಾಡಿಸಿದ ಮೇಲೆ ಹೇಳಿದಂತೆ ಬಗ್ಗುತ್ತದೆ. ಎಲೆಯ ಪಟ್ಟಿಗಳನ್ನು ತಳಕ್ಕೆ ಅಡ್ಡಡ್ಡ ಇಟ್ಟು, ಸುತ್ತಲೂ ಏರಿಸಿ ಸುತ್ತುತ್ತಾ ಕಡ್ಡಿ ಚುಚ್ಚಿ ಕೊಳವೆಯಂತೆ ಎತ್ತುವ ಕೌಶಲ ಮನೆಯಲ್ಲಿ ಇಬ್ಬರಿಗೋ ಮೂವರಿಗೋ ಇತ್ತು. ಉಳಿದವರಿಗೆ ಹಲಸಿನ ಎಲೆ.

ಹಲಸಿನ ಎಲೆಯ ಕೊಟ್ಟೆ ಮಕ್ಕಳ ಕೈಗೆ ಒಗ್ಗುವ ಕೆಲಸ. ನಾಲ್ಕು ಎಲೆಗಳನ್ನು ಕೂಡಿಸುವ ಗುರುತಿನ (+) ಆಕಾರದಲ್ಲಿ ಒಂದರ ಮೇಲೊಂದು ತುದಿ ಸೇರಿಸಿ ನಡುವೆ ಕಡ್ಡಿ ಚುಚ್ಚಬೇಕು, ಅನಂತರ ಪಕ್ಕಪಕ್ಕದ ಎಲೆಗಳ ಅಂಚನ್ನು ಮೇಲೆತ್ತಿ ಒಂದಕ್ಕೊಂದು ಹೊಲಿಯಬೇಕು. ಕಡ್ಡಿ ಹಸಿ ತೆಂಗಿನ ಗರಿಯದಾಗಬೇಕು. ಒಣಗಿದ ಹಿಡಿಸೂಡಿಯ ಕಡ್ಡಿ ಎಲೆಯನ್ನು ಸೀಳಿಬಿಡುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ಕಡ್ಡಿಯನ್ನು ಬೆರಳುದ್ದ ಮುರಿದು ಕೊಡುವ ಕೆಲಸ, ಅವರಿಗಿಂತ ಸ್ವಲ್ಪ ದೊಡ್ಡವರಿಗೆ ಎಲೆ ಒರಸಿ ಒಂದೇ ಅಳತೆಯವನ್ನು ನಾಲ್ಕು ನಾಲ್ಕಾಗಿ ಜೋಡಿಸುವ ಕೆಲಸ, ಅವರಿಗಿಂತ ದೊಡ್ಡವರಿಗೆ ಹೊಲಿಗೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವುದೇ ಆ ವರ್ಷ ನಾವು ಬೆಳೆದುದಕ್ಕೆ ಗುರುತಾಗಿತ್ತು. ಶಾಲೆಯಲ್ಲಿ ಮೇಲಿನ ತರಗತಿಗೆ ಹೋದದ್ದಕ್ಕಿಂತ ಕಡ್ಡಿಯಿಂದ ಹೊಲಿಗೆಗೆ ಬಂದದ್ದನ್ನು ನಾವು ಹೆಚ್ಚು ಜಂಬದಿಂದ ಹೇಳಿಕೊಳ್ಳುತ್ತಿದ್ದೆವು.

ಹೊಲಿದ ಕೊಟ್ಟೆಗಳನ್ನೆಲ್ಲ ಅಜ್ಜಿಯ ಮುಂದೆ ಇಡಬೇಕಿತ್ತು. ಅವಳು ಒಂದೊಂದನ್ನೇ ಎತ್ತಿ, ಚೊಂಬಿನಿಂದ ಸ್ವಲ್ಪ ನೀರು ಹೊಯ್ದು, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಚೆಂದವಾಗಿದೆಯೆಂದೋ ಚೆಂದವಾಗಿಲ್ಲವೆಂದೋ ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ಇದು ಸೋರ್ತದೆ ಮಗಾ, ತಳಕ್ಕೆ ಇನ್ನೊಂದು ಕಡ್ಡಿ ಹಾಕು" ಎಂದು ವಾಪಸು ಕೊಡುತ್ತಿದ್ದಳು, ಅಥವಾ ಏನೂ ಹೇಳದೆ ಹಿಂದಿನ ಬುಟ್ಟಿಗೆ ಹಾಕುತ್ತಿದ್ದಳು. ಆ ಬುಟ್ಟಿಗೆ ಬಿದ್ದ ಸದ್ದಿಗಿಂತ ದೊಡ್ಡ ಮೆಚ್ಚುಗೆ ನಮಗೆ ಬೇಕಿರಲಿಲ್ಲ. ತೀರಾ ಚಿಕ್ಕವನಾಗಿದ್ದ ನನ್ನ ತಮ್ಮ ಹಟ ಮಾಡಿ ಹೊಲಿದ ಒಂದು ಕೊಟ್ಟೆ ಎರಡು ಕಡೆ ಸೋರುತ್ತಿತ್ತು. ಅಜ್ಜಿ ಅದರ ಒಳಗೆ ಇನ್ನೊಂದು ಎಲೆ ಮಡಚಿಟ್ಟು ಬುಟ್ಟಿಗೆ ಹಾಕಿದಳು. ಮರುದಿನ ಅವನು ಹಬೆಯಾಡುವ ರಾಶಿಯಲ್ಲಿ ತನ್ನದನ್ನೇ ಹುಡುಕಿಕೊಂಡು ತಿಂದ.

ಈಗ ಯೋಚಿಸಿದರೆ ಅಲ್ಲಿ ನಡೆಯುತ್ತಿದ್ದದ್ದು ನನಗೆ ಸ್ವಲ್ಪ ಸ್ಪಷ್ಟವಾಗುತ್ತದೆ. ಕೆಲಸದ ತಪ್ಪು ಒಪ್ಪುಗಳನ್ನು ಹಿರಿಯರ ಮನಸ್ಸು ತೀರ್ಮಾನಿಸುತ್ತಿರಲಿಲ್ಲ, ನೀರು ತೀರ್ಮಾನಿಸುತ್ತಿತ್ತು. ಆದ್ದರಿಂದ ಅದರಲ್ಲಿ ಅವಮಾನವಿರಲಿಲ್ಲ, ಸುಳ್ಳು ಹೊಗಳಿಕೆಯೂ ಇರಲಿಲ್ಲ. ಹತ್ತಿಯ ಬೆಣ್ಣೆಯ ಗಡಿಗೆಯನ್ನು ಮಗು ತಂದು ತೋರಿಸಿದಾಗ "ವಾಹ್, ಚೆಂದ ಉಂಟು" ಎನ್ನುವುದರ ಹೊರತು ನಾವು ಹೇಳುವುದಕ್ಕೆ ಏನೂ ಇರುವುದಿಲ್ಲ, ಏಕೆಂದರೆ ಅದರಿಂದ ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಮಗುವಿಗೂ ಅದು ತಿಳಿದಿರುತ್ತದೆಂದೇ ನನ್ನ ಅನುಮಾನ.

ಹಿಟ್ಟು, ಹಬೆ, ಹೊತ್ತು

ಮೂಡೆಯ ಹಿಟ್ಟಿನಲ್ಲಿ ಗುಟ್ಟೇನೂ ಇಲ್ಲ. ಒಂದು ಪಾಲು ಉದ್ದು, ಎರಡು ಪಾಲು ಅಕ್ಕಿ. ಉದ್ದನ್ನು ಬೆಣ್ಣೆಯಷ್ಟು ನುಣ್ಣಗೆ ರುಬ್ಬಬೇಕು, ಅಕ್ಕಿ ತರಿಯಾಗಿರಬೇಕು. ನಮ್ಮಲ್ಲಿ ಆ ದಿನಗಳಲ್ಲಿ ಮಳೆ ಬಿಟ್ಟಿರುವುದಿಲ್ಲವಾದ್ದರಿಂದ ಹಿಟ್ಟು ಹುಳಿಯುವುದು ನಿಧಾನ. ಸಂಜೆಗೇ ರುಬ್ಬಿ ಬೆಚ್ಚಗಿನ ಮೂಲೆಯಲ್ಲಿ ಇಡುವುದು ಒಳ್ಳೆಯದು. ಎಲೆಯ ಪಾತ್ರೆಯನ್ನು ಬಾಯಿಯವರೆಗೆ ತುಂಬಬಾರದು, ಉಬ್ಬಲು ಜಾಗ ಬೇಕು. ಕೊಟ್ಟೆಗೆ ಅರ್ಧ ಗಂಟೆಯ ಮೇಲೆ ಸ್ವಲ್ಪ, ಮೂಡೆ ಉದ್ದವಾಗಿರುವುದರಿಂದ ಅದಕ್ಕೆ ಒಂದು ಗಂಟೆಯ ಹತ್ತಿರ ಹಬೆ ಬೇಕಾಗುತ್ತದೆ. ಹಿಟ್ಟು ಹೊಯ್ಯುವಾಗ ಮೂಡೆಗಳನ್ನು ನೇರ ನಿಲ್ಲಿಸಿ ಹಿಡಿಯಲು ಇನ್ನೊಂದು ಜೊತೆ ಕೈ ಇಲ್ಲದೆ ಆಗದು. ಬಿಸಿಯಿಲ್ಲದ ಆ ಹೊತ್ತಿನ ಕೆಲಸಕ್ಕೆ ಮಕ್ಕಳೇ ಸರಿ. ಹಬೆಯ ಪಾತ್ರೆಯ ಮುಚ್ಚಳ ತೆಗೆಯುವುದು ಹಿರಿಯರದು.

ಜೊತೆಗೆ ತೆಂಗಿನಕಾಯಿ ಚಟ್ನಿ, ಅಮಟೆಕಾಯಿಯ ಗೊಜ್ಜು, ಹೆಸರುಬೇಳೆಯ ಪಾಯಸ ಇದ್ದರೆ ನನ್ನ ಲೆಕ್ಕದಲ್ಲಿ ಹಬ್ಬದ ಊಟ ಪೂರ್ತಿಯಾಯಿತು. ಮರುದಿನ ಮೊಸರುಕುಡಿಕೆಗೆ ಮಾಂಸ ತಿನ್ನುವ ಮನೆಗಳಲ್ಲಿ ಅದೇ ಮೂಡೆಗೆ ಕೋರಿ ಗಸಿ, ಅಂದರೆ ಕೋಳಿಯ ಗಟ್ಟಿ ಸಾರು, ಬರುತ್ತದೆ. ಹದಿನೈದು ಬಗೆಯ ತಿಂಡಿ ಮಾಡಿ ಯಾರೂ ನಿಂತು ಮಾತಾಡಲಾರದಷ್ಟು ದಣಿಯುವುದಕ್ಕಿಂತ, ಎಲ್ಲರ ಕೈ ತಗಲಿದ ಒಂದು ಅಡುಗೆ ಮುಖ್ಯವಾಗಿರಲಿ, ಉಳಿದದ್ದು ಸರಳವಾಗಿರಲಿ ಎನ್ನುವುದು ನನ್ನ ಪಕ್ಷ. ಉಂಡೆಗಳ ವಿಷಯದಲ್ಲೂ ಸ್ವಲ್ಪ ವಿವೇಚನೆ ಬೇಕು. ಎಳ್ಳುಂಡೆ, ಅರಳುಂಡೆಗಳನ್ನು ಬೆಲ್ಲದ ಪಾಕ ಬಿಸಿಯಿರುವಾಗಲೇ ಕಟ್ಟಬೇಕಾದ್ದರಿಂದ ಅವು ಮಕ್ಕಳ ಕೆಲಸವಲ್ಲ. ಹುರಿದ ಹೆಸರುಬೇಳೆಯ ಹಿಟ್ಟಿಗೆ ಸಕ್ಕರೆಪುಡಿ, ತುಪ್ಪ ಕಲಸಿ ಕಟ್ಟುವ ಉಂಡೆಯನ್ನು ಅವರಿಗೆ ಧೈರ್ಯವಾಗಿ ಒಪ್ಪಿಸಬಹುದು; ಕಟ್ಟಿದಷ್ಟೂ ಡಬ್ಬಕ್ಕೆ ಬೀಳುವುದಿಲ್ಲ ಎನ್ನುವುದನ್ನು ಮೊದಲೇ ಲೆಕ್ಕ ಹಿಡಿದಿರಬೇಕು.

ರಜೆಯ ಗೊಂದಲವೂ ಒಂದಿದೆ. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಸೌರಮಾನದಂತೆ ಅಷ್ಟಮಿ ನಡೆಯುವುದರಿಂದ ಕೆಲವು ವರ್ಷ ಕ್ಯಾಲೆಂಡರಿನ ರಜೆಯೇ ಬೇರೆ, ನಮ್ಮ ಹಬ್ಬವೇ ಬೇರೆಯಾಗುತ್ತದೆ. 2025ರಲ್ಲಿ ಬೇರೆ ಕಡೆ ಆಗಸ್ಟ್ 16ಕ್ಕೆ ಅಷ್ಟಮಿ ಮುಗಿದಿದ್ದರೆ ಉಡುಪಿಯಲ್ಲಿ ಅದು ಸೆಪ್ಟೆಂಬರ್ 14ಕ್ಕೆ ಬಂತು, ಮರುದಿನ ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆ. ಅಂತಹ ವರ್ಷ ನಾನು ಮೊದಲ ರಜೆಯನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತೇನೆ. ಆ ದಿನ ಕೊಟ್ಟೆ ಹೊಲಿದು ಬರಿಯ ಚಟ್ನಿಯೊಂದಿಗೆ ತಿಂದರೆ, ಹಬ್ಬದ ದಿನಕ್ಕೆ ಮಕ್ಕಳ ಬೆರಳು ಪಳಗಿರುತ್ತದೆ. ಹಬ್ಬದ ರಾತ್ರಿ ಉಪವಾಸವಿರುವವರು ಚಂದ್ರೋದಯದ ಅರ್ಘ್ಯದವರೆಗೆ ಕಾಯಬೇಕು, ಮಕ್ಕಳು ಕಾಯಲಾರರು. ಆದ್ದರಿಂದ ಮೊದಲ ಹಬೆಯನ್ನು ಸಂಜೆಗೇ ಇಳಿಸುವ ಪದ್ಧತಿ ನಮ್ಮಲ್ಲಿದೆ.

ಬೇರೆ ಮನೆಗಳ ಜಗಲಿ

ಇದು ಅಷ್ಟಮಿಯೊಂದರ ಮಾತಲ್ಲ, ಒಂದು ಜಾತಿಯ ಮಾತೂ ಅಲ್ಲ. ನಾಗರಪಂಚಮಿಗೆ ಅರಿಸಿನದ ಎಲೆಯ ಮೇಲೆ ಅಕ್ಕಿಹಿಟ್ಟು ಹಚ್ಚಿ, ಬೆಲ್ಲ ತೆಂಗಿನತುರಿ ಇಟ್ಟು ಮಡಚಿ ಬೇಯಿಸುವ ಗಟ್ಟಿಯನ್ನು ಮಾಡಲು ಮಕ್ಕಳಿಗೆ ಹೇಳಿಕೊಡುವುದು ಕೊಟ್ಟೆಗಿಂತಲೂ ಸುಲಭ. ಬೆರಳಿನಿಂದ ಎಲೆಯ ಮೇಲೆ ಹಿಟ್ಟು ಹರಡುವುದನ್ನು ಯಾವ ಮಗುವೂ ಬೇಡವೆನ್ನುವುದಿಲ್ಲ. ಗೌಡ ಸಾರಸ್ವತರ ಮನೆಗಳಲ್ಲಿ ಶ್ರಾವಣದ ಶುಕ್ರವಾರ, ಭಾನುವಾರಗಳಂದು ಗರಿಕೆ, ಸಣ್ಣ ಸಣ್ಣ ಹೂ, ಎಲೆಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡುವ ಚೂಡಿಯನ್ನು ಪೂಜಿಸಿ ಹಿರಿಯರಿಗೆ ಕೊಡುತ್ತಾರೆ, ದೂರದಲ್ಲಿರುವವರಿಗೆ ಅಂಚೆಯಲ್ಲೂ ಕಳುಹಿಸುತ್ತಾರೆ. ಪೂಜೆ ಮುತ್ತೈದೆಯರದಾದರೂ, ಬೇಲಿಯ ಬದಿಯಲ್ಲಿ ಹೂ ಹುಡುಕಿ ತರುವ ಓಡಾಟ ಮಕ್ಕಳದೇ.

ಮೇರಿಮಾತೆ ಹುಟ್ಟಿದ ದಿನವೆಂದು ಆಚರಿಸುವ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತರ ಮಕ್ಕಳು ಒಂಬತ್ತು ದಿನ ಇಗರ್ಜಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬಂದು, ಹೊಸ ಅಕ್ಕಿ ಊಟದಲ್ಲಿ ಸೇರಿ, ಬಾಳೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು ಬಡಿಸಲ್ಪಡುತ್ತವೆ. ಅಂದು ಮೀನು ಮಾಂಸ ಇಲ್ಲ. ಹಿಂದೂಗಳ ಮನೆಗಳಲ್ಲಿ ತೆನೆಯನ್ನು ಮಾವು, ಹಲಸು, ಅಶ್ವತ್ಥದ ಎಲೆಗಳ ಜೊತೆ ನಾರಿನಿಂದ ಕಟ್ಟಿ ಬಾಗಿಲಿಗೆ, ಕಂಬಕ್ಕೆ, ತುಳಸಿಕಟ್ಟೆಗೆ, ಈಗ ಕಾರಿಗೂ ಸ್ಕೂಟರಿಗೂ ಕಟ್ಟುತ್ತಾರೆ. ಎರಡೂ ಕಡೆ ಮೊದಲು ಕಟ್ಟುವ ಅಥವಾ ಹೊರುವ ಕೆಲಸ, ಅನಂತರ ಉಣ್ಣುವ ಕೆಲಸ.

ಕ್ರಿಸ್ಮಸ್ಸಿನ ತಿಂಡಿಗಳಾದ ಕುಸ್ವಾರಿನ ಬಗ್ಗೆ ನಮ್ಮ ಪಕ್ಕದ ಮನೆಯ ಬಾಯಮ್ಮನಿಂದ ನಾನು ಕಲಿತದ್ದು ಬಹಳ. ಡಿಸೆಂಬರಿನ ಎರಡನೆಯ ವಾರಕ್ಕೆ ಅವರ ಊಟದ ಮೇಜಿನ ಸುತ್ತ ಮೂರು ತಲೆಮಾರು ಕೂರುತ್ತದೆ. ಕಿಡಿಯೊ ಎಂಬ ಕರಿದ ಸುರುಳಿ ತಿಂಡಿಗೆ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಮುಳ್ಳುಚಮಚದ ಬೆನ್ನಿನ ಮೇಲೋ ಒತ್ತಿ ಸುರುಳಿ ಎಬ್ಬಿಸುವುದು ಮಕ್ಕಳ ಪಾಲು, ಕರ್ಜಿಕಾಯಿಯಂಥ ನೆವ್ರಿಯ ಅಂಚು ಮಡಚುವುದು ಅಜ್ಜಿಯ ಪಾಲು, ಎಣ್ಣೆಯ ಬಾಣಲೆ ಬಾಯಮ್ಮನ ಪಾಲು. ಸುರುಳಿ ಸರಿಯಾಗಿ ಕೂಡಿಕೊಳ್ಳದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಯೂ ಮಾತಾಡುವವರು ಹಿರಿಯರಲ್ಲ, ಎಣ್ಣೆ. ಗೋದಲಿಗೆ ಬೇಕಾದ ಹಸಿರು ಹುಲ್ಲಿಗಾಗಿ ತಿಂಗಳ ಆರಂಭದಲ್ಲೇ ತಟ್ಟೆಯಲ್ಲಿ ಧಾನ್ಯ ಬಿತ್ತಿ ದಿನಾ ನೀರು ಚಿಮುಕಿಸುವುದೂ ಅವರ ಮಕ್ಕಳ ಜವಾಬ್ದಾರಿ. ಒಂದೆರಡು ದಿನ ಮರೆತರೆ ಕ್ರಿಸ್ಮಸ್ಸಿಗೆ ಬರುವುದು ಹುಲ್ಲಲ್ಲ, ಹಳದಿ ಕಡ್ಡಿ.

ಗೂಡುದೀಪದ ಗೋಂದು

ತಿನ್ನುವ ವಸ್ತುವಲ್ಲದಿದ್ದರೂ ಅಡುಗೆಮನೆಯಲ್ಲೇ ಹುಟ್ಟುವ ಕೈಕೆಲಸವೆಂದರೆ ನಮ್ಮ ಗೂಡುದೀಪ, ಅಂದರೆ ಆಕಾಶಬುಟ್ಟಿ. ಮಂಗಳೂರಿಗೆ ಬಂದು ಸಂಸಾರ ಹೂಡಿದ ಮೇಲೆ ನಾವು ಒಂದು ಓಣಿಯ ಬಾಡಿಗೆ ಮನೆಯಲ್ಲಿದ್ದೆವು. ದೀಪಾವಳಿಗೆ ಒಂದು ವಾರವಿರುವಾಗ ನನ್ನ ಭಾವ ಊರಿನಿಂದ ಬಿದಿರಿನ ಸೀಳುಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ಸೀಳುಗಳನ್ನು ಒಂದೇ ಅಳತೆಗೆ ಕಡಿದು, ನೂಲಿನಿಂದ ಬಿಗಿದು, ಚೌಕಗಳನ್ನೂ ತ್ರಿಕೋನಗಳನ್ನೂ ಕೂಡಿಸಿ ಗೂಡು ಎಬ್ಬಿಸುವ ಲೆಕ್ಕ ಅವರ ತಲೆಯಲ್ಲಿತ್ತು, ಕಾಗದದ ಮೇಲೆ ಎಂದೂ ಬರೆದವರಲ್ಲ. ಗೋಂದಿಗೆ ಮೈದಾವನ್ನು ನೀರಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಗಂಟಾಗದಂತೆ ಕಾಯಿಸಬೇಕು. ಕೆಲವರು ಜಿರಲೆ ತಿನ್ನದಿರಲಿ ಎಂದು ಅದಕ್ಕೆ ಮೈಲುತುತ್ತು ಹಾಕುತ್ತಾರೆ. ಅದು ವಿಷ, ಬೆರಳು ನೆಕ್ಕುವ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ, ಹಬ್ಬದ ಕೆಲವು ದಿನಕ್ಕೆ ಬರಿಯ ಮೈದಾ ಸಾಕು.

ಒಂದು ವರ್ಷ ಮಗನಿಗೆ ಗೂಡಿನ ಕೆಳಗಿನ ಗೊಂಡೆಗಳನ್ನು ಕತ್ತರಿಸಿ ಅಂಟಿಸುವ ಕೆಲಸ ಕೊಟ್ಟಿದ್ದರು. ಅವನು ಚೆಂದ ಕಾಣಲಿ ಎಂದು ಒಂದೇ ಕಡೆಗೆ ದಪ್ಪ ದಪ್ಪ ಗೊಂಡೆ ಅಂಟಿಸಿದ. ನಾನು ಬಾಯಿ ತೆರೆಯುವುದರೊಳಗೆ ಭಾವ ಕಣ್ಣಿನಲ್ಲೇ ತಡೆದು, ದೀಪವನ್ನು ಹಾಗೆಯೇ ಅಂಗಳದ ಹಗ್ಗಕ್ಕೆ ಏರಿಸಿದರು. ಅದು ಒಂದು ಬದಿಗೆ ವಾಲಿ ನಿಂತಿತು. "ದೊಡ್ಡಪ್ಪಾ, ಇದು ಎಂತಕ್ಕೆ ಓರೆ ನಿಂತದ್ದು?" ಎಂದು ಅವನೇ ಕೇಳಿದ. "ನೋಡು ನೀನೇ, ಎಲ್ಲಿ ಭಾರ ಹೆಚ್ಚುಂಟು ಅಂತ" ಎಂದರು ಅವರು. ಸ್ವಲ್ಪ ಹೊತ್ತು ಮೇಲೆ ನೋಡಿ ಅವನು ದೀಪ ಇಳಿಸಲು ಹೇಳಿ, ಅರ್ಧ ಗೊಂಡೆಗಳನ್ನು ಬಿಡಿಸಿ ಎದುರು ಬದಿಗೆ ಅಂಟಿಸಿದ. ನಮ್ಮಲ್ಲಿ ದೀಪಾವಳಿಯ ಸಮಯದ ಸಂಜೆಗಳಲ್ಲಿ ಗುಡುಗಿನ ಮಳೆ ಯಾವಾಗ ಬಂದೀತೆಂದು ಹೇಳಲಾಗದು, ಆದ್ದರಿಂದ ಕಾಗದದ ದೀಪಕ್ಕೆ ಕಾವಲು ಬೇಕು. ಮೂಡಣದಲ್ಲಿ ಮೋಡ ಕಪ್ಪಾದ ಕೂಡಲೇ ಹಗ್ಗ ಸಡಿಲಿಸಿ ದೀಪವನ್ನು ಒಳಗೆ ತರುವ ಕೆಲಸವನ್ನು ಆ ವರ್ಷ ಯಾರೂ ಹೇಳದೆ ಅವನೇ ವಹಿಸಿಕೊಂಡ. ಪ್ಲಾಸ್ಟಿಕ್ಕಿನ ದೀಪಕ್ಕೆ ಅಂತಹ ಕಾವಲು ಬೇಕಾಗುವುದಿಲ್ಲ. ಹಾಗೆಂದೇ ಅದನ್ನು ತೂಗಿಹಾಕಿದ ಮೇಲೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ದೀಪಾವಳಿಯ ಹೊತ್ತಿಗೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಮನೆಮಂದಿಯನ್ನು ಕರೆದುಕೊಂಡು ಹೋಗಿ ನೋಡುವುದು ಒಳ್ಳೆಯ ಪಾಠ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂಬ ವಿಭಾಗಗಳಿರುತ್ತವೆ. ಧಾನ್ಯ, ಬೇಳೆ, ತೆಂಗಿನ ಗರಿ, ಅಡಿಕೆಯ ಹಾಳೆ ಇಂಥವುಗಳಿಂದ ಕಟ್ಟಿದ ದೀಪಗಳ ಮುಂದೆ ನಿಂತಾಗ ಮನೆಯ ಡಬ್ಬಗಳಲ್ಲೇ ಎಷ್ಟು ಸಾಮಗ್ರಿಯಿದೆ ಎಂದು ಮಕ್ಕಳಿಗೆ ಹೊಳೆಯುತ್ತದೆ. ಆದರೂ ಮನೆಗೆ ಸಾಂಪ್ರದಾಯಿಕ ಗೂಡೇ ಚೆಂದ ಎಂಬ ನನ್ನ ಹಟವನ್ನು ನಾನು ಬಿಟ್ಟಿಲ್ಲ. ದೀಪಾವಳಿಯ ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ ಬೆಲ್ಲ, ತೆಂಗಿನತುರಿ ಕಲಸಿದ ಅವಲಕ್ಕಿ ತಿನ್ನುವಾಗ, ಅದರ ಕೆಳಗೇ ಕುಳಿತುಕೊಳ್ಳಬೇಕೆಂಬುದು ನಮ್ಮ ಮಕ್ಕಳು ತಾವೇ ಮಾಡಿಕೊಂಡ ಶಾಸ್ತ್ರ.

ಯಾರ ಸಮಯ, ಯಾರ ಸೊಂಟ

ಇಷ್ಟೆಲ್ಲ ಹೇಳುವಾಗ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಹಿಂದಿನ ಹಬ್ಬಗಳು ಹೆಂಗಸರ ಸೊಂಟದ ಮೇಲೆ ನಡೆಯುತ್ತಿದ್ದವು. ಜಗಲಿಯಲ್ಲಿ ಎಲೆ ಹೊಲಿಯುವ ಗಲಾಟೆಯ ಸಂತೋಷವಿದ್ದಾಗ ಒಳಗೆ ದೊಡ್ಡಮ್ಮ ಅಷ್ಟು ಜನರಿಗೆ ಆಗುವಷ್ಟು ಉದ್ದನ್ನು ಅರೆಯುವ ಕಲ್ಲಿನಲ್ಲಿ ತಿರುವುತ್ತಿದ್ದಳು, ಅವಳಿಗೆ ಜಗಲಿಗೆ ಬಂದು ಕೂರುವ ಬಿಡುವು ಸಿಕ್ಕಿದ್ದು ನನಗೆ ನೆನಪಿಲ್ಲ. ಮಕ್ಕಳು ಸೇರಿದರೆ ಕೆಲಸ ಹಗುರಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಮೊದಲೆರಡು ವರ್ಷ ಕೆಲಸ ಹೆಚ್ಚೇ ಆಗುತ್ತದೆ. ಆದ್ದರಿಂದ ಮಕ್ಕಳನ್ನು ಅಡುಗೆಗೆ ಸೇರಿಸಿಕೊಳ್ಳಿ ಎನ್ನುವ ಸಲಹೆ ಮನೆಯ ಗಂಡಸರು ಸೇರದಿದ್ದರೆ ತಾಯಿಯ ಮೇಲೆ ಇನ್ನೊಂದು ಹೊರೆ ಮಾತ್ರ. ನಮ್ಮ ಮನೆಯಲ್ಲಿ ರುಬ್ಬುವುದು, ಎಲೆ ತರುವುದು, ಹಬೆಯ ಪಾತ್ರೆ ಇಳಿಸುವುದು ಇವರದು. ಅಡುಗೆಮನೆ ತೊಳೆಯುವುದೂ ಇವರದೇ. ಆ ಕೊನೆಯದನ್ನು ಗೆಲ್ಲಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಸಿದ್ಧವಾಗಿ ಸುತ್ತಿದ ಮೂಡೆಯ ಎಲೆ ಹಬ್ಬದ ಮುಂಚೆ ಉಡುಪಿಯಲ್ಲೂ ಮಂಗಳೂರಿನಲ್ಲೂ ಮಾರಾಟಕ್ಕೆ ಬರುತ್ತದೆ, ಅದನ್ನು ಕೊಂಡುಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಕಿಲ್ಲ. ಕೇದಗೆಯ ಮುಳ್ಳಿನಲ್ಲಿ ಕೈ ಗೀರಿಸಿಕೊಂಡು ಅದನ್ನು ಸುತ್ತಿದವರ ಮನೆಯ ಹಬ್ಬವೂ ಅದರಿಂದ ನಡೆಯುತ್ತದೆ. ನಮ್ಮಲ್ಲಿ ಮೂಡೆಯನ್ನು ಕೊಂಡು ತಂದು, ಕೊಟ್ಟೆಯನ್ನು ಮನೆಯಲ್ಲಿ ಹೊಲಿಯುವುದೆಂದು ಒಪ್ಪಂದವಾಗಿದೆ. ಮಲ್ಲಿಗೆಯೂ ಹಾಗೆಯೇ. ಉಡುಪಿ ಬಳಿಯ ಶಂಕರಪುರದ ಕಡೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಬೆಳಗಾಗುವಷ್ಟರಲ್ಲಿ ಕಟ್ಟುವವರ ಬೆರಳಿನ ವೇಗ ನಮಗೆ ಬಾರದು. ಆದರೆ ಅಂಗಳದ ನಾಲ್ಕು ದಾಸವಾಳ, ಒಂದು ಹಿಡಿ ತುಳಸಿಯನ್ನು ಬಾಳೆನಾರಿನಲ್ಲಿ ಕಟ್ಟಲು ಯಾವ ಮಗುವಿಗೂ ಬರುತ್ತದೆ. ಊಟಕ್ಕೆ ಎಲೆ ಹಾಕುವಾಗ ಕೊಡಿ ಉಣ್ಣುವವರ ಎಡಕ್ಕೆ ಬರುವಂತೆ ಇಡುವುದು, ಮೊದಲು ಉಪ್ಪು ಬಡಿಸುವುದು ಮನೆಯ ಅತಿ ಕಿರಿಯರ ಪಾಲಿಗೆ ಬಿಟ್ಟಿರುತ್ತೇವೆ. ಉಪ್ಪು ಮರೆತ ಎಲೆಯವರು ಸುಮ್ಮನಿರುವುದಿಲ್ಲವಾದ್ದರಿಂದ ಆ ಕೆಲಸಕ್ಕೂ ಬೆಲೆಯಿದೆ.

ಬೆಂಗಳೂರಿನ ಫ್ಲಾಟಿನಲ್ಲಿರುವ ನನ್ನ ನಾದಿನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಕೇದಗೆ ಇಲ್ಲದಿದ್ದರೇನು, ಹಲಸಿನ ಎಲೆ ಸಿಗಬಹುದು, ಅದೂ ಇಲ್ಲದಿದ್ದರೆ ಬಾಳೆಲೆ ಬಾಡಿಸಿ ಮಡಚಿ ಬೇಯಿಸಬಹುದು ಎಂದೆ. "ಎಲೆ ಸಿಗ್ತದೆ ಅತ್ತಿಗೆ, ಇವರನ್ನು ನೆಲದಲ್ಲಿ ಕೂರಿಸುವುದೇ ಕಷ್ಟ" ಎಂದಳು. ಹಾಗಾದರೆ ಮಾರ್ಕೆಟಿಗೆ ಹೋಗಿ ಎಲೆ ಆರಿಸಿ ತರುವ ಕೆಲಸವನ್ನು ಅವರಿಗೇ ಒಪ್ಪಿಸು, ತೂತಿನ ಎಲೆ ತಂದರೆ ಸೋರಿದಾಗ ಮಕ್ಕಳೇ ಅವರನ್ನು ಕೇಳುತ್ತಾರೆ ಎಂದು ಹೇಳಿದ್ದೇನೆ.